ಫೊರೆನ್ಸಿಕ್ ಓದಿಗೆ ಪ್ರಸಾದ ಕೇಳಿದ್ದು

ತಮ್ಮನ ಫೋನು ಬಂದಾಗ ನಾನು ಕುಮಟಾದ ಲ್ಯಾಬಿನಲ್ಲಿ, ಯಾಣದ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ ನರ ಹುಡುಕುತ್ತಿದ್ದೆ. ರಿಂಗಾಗಿ ನಿಂತದ್ದು ಮತ್ತೆ ಶುರುವಾಯಿತು. ಕಾಯ್ಕಿಣಿಯಲ್ಲಿ ಗದ್ದೆ ಮತ್ತು ಮಲ್ಲಿಗೆ ಗಿಡ ನೋಡಿಕೊಂಡಿರುವ ನನ್ನ ತಮ್ಮ ಕೆಲಸದ ಹೊತ್ತಿಗೆ ಫೋನು ಮಾಡುವವನಲ್ಲ. ರಕ್ತ ತೆಗೆದು, ಹತ್ತಿ ಒತ್ತಿ ಹಿಡಿದುಕೊಳ್ಳಲು ಅಜ್ಜಿಗೆ ಹೇಳಿ ಹೊರಗೆ ಓಡಿದೆ.

“ಅಕ್ಕ, ಮಗಳು ನಿನ್ನೆಯಿಂದ ಊಟ ಬಿಟ್ಟು ಕೂತಿದ್ದಾಳೆ ಮಾರಾಯ್ತಿ. ಫೊರೆನ್ಸಿಕ್ ಓದ್ತೆ ಅಂತಾಳೆ. ಅದಿಲ್ಲದಿದ್ರೆ ಎಂತದೂ ಬೇಡ ಅಂತಾಳೆ. ಶನಿವಾರದ ಒಳಗೆ ಸೀಟು ಖಾಯಂ ಮಾಡ್ಬೇಕಂತೆ. ನೀನು ಸಯನ್ಸ್ ಓದಿದವಳು, ಒಂದು ಮಾತು ಹೇಳು.”

“ಎಂತ ಹೇಳೂದು?”

“ಅದ್ರಲ್ಲಿ ಕೆಲಸ ಸಿಗ್ತದಾ ಇಲ್ವಾ, ಅಷ್ಟೇ.”

ಅಷ್ಟೇ ಅಂತೆ! ಆ ಅಷ್ಟರಲ್ಲಿ ನನ್ನ ಅರ್ಧ ಆಯುಷ್ಯ ಮುಗಿದಿದೆ. ನಾನು ಓದಿದ್ದು ಬಯೋಟೆಕ್ನಾಲಜಿ. ಈಗ ಆ ಹೆಸರು ಹೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ನಾನು ಕಾಲೇಜು ಸೇರುವಾಗ ಅದು ಮಂತ್ರದಂತಿತ್ತು. ಮುಂದಿನ ಕಾಲವೆಲ್ಲ ಇದರದ್ದೇ ಎಂದು ಪೇಪರಿನವರು ಬರೆಯುತ್ತಿದ್ದರು, ಮೇಷ್ಟ್ರು ಹೇಳುತ್ತಿದ್ದರು, ಬಸ್ಸಿನಲ್ಲಿ ಪಕ್ಕ ಕೂತವರೂ ಹೇಳುತ್ತಿದ್ದರು. ಎಂ.ಎಸ್ಸಿ. ಮುಗಿಸಿ ಹೊರಗೆ ಬಂದಾಗ ಒಂದು ಕಡೆ ಪಿಎಚ್‌.ಡಿ. ಇದೆಯಾ ಎಂದು ಕೇಳಿದರು, ಇನ್ನೊಂದು ಕಡೆ ಔಷಧಿ ಮಾರಲು ಬೈಕು ಓಡಿಸುತ್ತೀರಾ ಎಂದು ಕೇಳಿದರು. ಕೊನೆಗೆ ನನಗಿಂತ ಎಷ್ಟೋ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂತು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮಾಡಿದೆ. ಅಂದಿನಿಂದ ಹೊನ್ನಾವರದ ಬಾಡಿಗೆ ಮನೆಯಿಂದ ಕುಮಟಾಕ್ಕೆ ಬಂದು ರಕ್ತ ತೆಗೆಯುತ್ತಿದ್ದೇನೆ. ಇದಕ್ಕೆ ಬಯೋಟೆಕ್ನಾಲಜಿ ಬೇಕಿಲ್ಲ. ಕೈ ನಡುಗಬಾರದು, ನರ ಸಿಗಬೇಕು, ಮುಗಿಯಿತು.

ಹಾಗೆಂದು ಯಾರಾದರೂ ನನ್ನ ಓದನ್ನು ದಂಡ ಅಂದರೆ ನನಗೆ ಮೈ ಉರಿಯುತ್ತದೆ. ಈರುಳ್ಳಿ ಅರೆದು, ಅದರಿಂದ ಡಿ.ಎನ್.ಎ.ಯ ಬಿಳಿ ಎಳೆಗಳನ್ನು ಗಾಜಿನ ಕಡ್ಡಿಗೆ ಸುತ್ತಿ ಎತ್ತಿದ ದಿನ ನಾನು ಹಾಸ್ಟೆಲಿಗೆ ಕುಣಿಯುತ್ತಾ ಹೋಗಿದ್ದೆ. ಓದು ನನಗೆ ಮೋಸ ಮಾಡಲಿಲ್ಲ. ಓದಿನ ಬಾಗಿಲಲ್ಲಿ ನಿಂತು ಒಳಗೆ ಕರೆದವರು ಮಾಡಿದರು. ಇದನ್ನು ಫೋನಿನಲ್ಲಿ ತಮ್ಮನಿಗೆ ಹೇಗೆ ಹೇಳುವುದು? “ನೋಡಿ ಹೇಳ್ತೆ” ಅಂದೆ.

ಅವಳು ಸೇರಬೇಕೆಂದಿದ್ದ ವಿಶ್ವವಿದ್ಯಾಲಯ ಘಟ್ಟದ ಮೇಲಿನದು, ಖಾಸಗಿ. ಅದರವರು ಗುರುವಾರ ಕುಮಟಾದ ಹೋಟೆಲೊಂದರ ಹಾಲಿನಲ್ಲಿ ಮಕ್ಕಳನ್ನು, ಪಾಲಕರನ್ನು ಕರೆದಿದ್ದರು. ತಮ್ಮನ ಮಗಳು ಬೆಳಿಗ್ಗೆ ಮಲ್ಲಿಗೆ ಮೊಗ್ಗು ಕೊಯ್ದು ಕೊಟ್ಟು, ಬಸ್ಸು ಹತ್ತಿ ಬಂದಳು. ಬೆರಳ ತುದಿಯಿಂದ ಇನ್ನೂ ಪರಿಮಳ ಹೋಗಿರಲಿಲ್ಲ. ಊಟದ ಬಿಡುವಿನಲ್ಲಿ ನಾನೂ ಸೇರಿಕೊಂಡೆ.

ಹಾಲಿನ ಗೋಡೆ ತುಂಬ ಭೂತಗನ್ನಡಿ, ಬೆರಳಚ್ಚು, ಬಿಳಿ ಕೋಟು ಹಾಕಿ ನಗುವ ಹುಡುಗಿಯರು. ಮೇಜಿನ ಹಿಂದೆ ನೀಲಿ ಕೋಟಿನಲ್ಲಿ ಒಬ್ಬಳು ತರುಣಿ. ಮೇ ತಿಂಗಳ ಆ ಸೆಕೆಗೆ ಅವಳ ಕಿವಿಯ ಪಕ್ಕ ಬೆವರು ಇಳಿಯುತ್ತಿತ್ತು. ಆದರೂ ತಡವರಿಸದೆ ಹೇಳುತ್ತಾ ಹೋದಳು. ಪೊಲೀಸ್ ಇಲಾಖೆಗೆ ಬೇಕು, ಬ್ಯಾಂಕಿಗೆ ಬೇಕು, ಇನ್ಶೂರೆನ್ಸಿನವರಿಗೆ ಬೇಕು, ಸೈಬರ್‌ಗಂತೂ ಜನವೇ ಸಿಗುತ್ತಿಲ್ಲ. ನಮ್ಮ ಹುಡುಗಿ ಬಾಯಿ ಬಿಟ್ಟು ಕೇಳುತ್ತಿದ್ದಳು. ನನಗೆ ಆ ದನಿ ಎಲ್ಲೋ ಕೇಳಿದ ಹಾಗೆ ಅನಿಸಿ ಸಿಟ್ಟು ಬಂತು. ಅದೇ ರಾಗ, ಹೆಸರು ಮಾತ್ರ ಬೇರೆ.

“ಹೋದ ವರ್ಷ ಮುಗಿಸಿದವರಲ್ಲಿ ಯಾರದಾದರೂ ಒಬ್ಬರ ನಂಬರು ಕೊಡಿ. ನಾನು ಮಾತಾಡಿ ನೋಡ್ತೇನೆ” ಅಂದೆ.

“ನಂಬರೆಲ್ಲ ಹಾಗೆ ಕೊಡ್ಲಿಕ್ಕೆ ಬರೋದಿಲ್ಲ ಮೇಡಂ.”

ನಮ್ಮವಳು ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು. ಅಷ್ಟರಲ್ಲಿ ನೀಲಿ ಕೋಟಿನವಳ ಫೋನು ಬಡಿದುಕೊಂಡಿತು. ಅವಳು ಮುಖ ತಿರುಗಿಸಿ, ಮೆಲ್ಲಗೆ ಅಮ್ಮನಿಗೆ “ಬತ್ತೆ ಆಯಿ, ಸಂಜೆ ಬಸ್ಸಿಗೇ ಬತ್ತೆ” ಅಂದಳು. ಇವಳು ಇಲ್ಲಿಯವಳೇ! ಇದೇ ತಾಲೂಕಿನ ಯಾವುದೋ ತೋಟದ ಮನೆಯವಳು. ಇಷ್ಟು ಹೊತ್ತು ಮಾತಾಡಿದ ಕನ್ನಡ ಆ ಕೋಟಿನ ಜೊತೆ ಹಾಕಿಕೊಂಡದ್ದು.

“ನೀವು ಎಂತ ಓದಿದ್ದು?” ಎಂದು ಕೇಳಿದೆ.

ಅವಳು ಮೇಜಿನ ಮೇಲಿದ್ದ ಬಣ್ಣದ ಹಾಳೆಗಳನ್ನು ಸುಮ್ಮನೆ ಸರಿಪಡಿಸಿದಳು. “ಇದೇ ಮೇಡಂ. ಇದೇ ಕೋರ್ಸು. ಒಳ್ಳೆ ಮಾರ್ಕ್ಸೇ ಬಂದಿತ್ತು.”

“ಕೆಲಸ?”

ಆಚೆ ಮೇಜಿನ ಹತ್ತಿರ ನಿಂತಿದ್ದ ಟೈ ಹಾಕಿದ ಗಂಡಸಿನ ಕಡೆ ಒಮ್ಮೆ ನೋಡಿ, “ಇದೇ” ಅಂದಳು.

ಅವಳ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ಫೊರೆನ್ಸಿಕ್ ಓದಿದವಳಿಗೆ ಸಿಕ್ಕ ಕೆಲಸ, ಫೊರೆನ್ಸಿಕ್ ಓದಲು ಇನ್ನೊಬ್ಬರನ್ನು ಕರೆಯುವುದು. ನಮ್ಮ ಹುಡುಗಿಯೂ ಅದನ್ನು ಕೇಳಿಸಿಕೊಂಡಿದ್ದಳು. ಬಸ್ ಸ್ಟ್ಯಾಂಡಿನವರೆಗೆ ನನಗಿಂತ ಮುಂದೆ ಮುಂದೆ ನಡೆದಳು. ಭಟ್ಕಳದ ಬಸ್ಸು ಬಂದು ನಿಂತಾಗ ಒಮ್ಮೆಲೇ ನನ್ನ ಕಡೆ ತಿರುಗಿದಳು.

“ಅವಳಿಗೆ ಸಿಗಲಿಲ್ಲ ಅಂದ್ರೆ ನಂಗೂ ಸಿಗೂದಿಲ್ಲ ಅಂತ ಎಂತ ಉಂಟು? ನಿಂಗೆ ಸಿಗಲಿಲ್ಲ ಅತ್ತೆ, ಅದ್ಕೆ ಬೇರೆ ಯಾರಿಗೂ ಸಿಗೂದು ಬೇಡ ಅಂತ ನಿಂಗೆ.”

ಹೇಳಿದವಳೇ ಬಸ್ಸು ಹತ್ತಿದಳು. ನಾನು ಅಲ್ಲೇ ನಿಂತೆ. ಅತ್ತುಬಿಡುತ್ತೇನೆ ಅನಿಸಿತು, ಅಳಲಿಲ್ಲ, ಲ್ಯಾಬಿಗೆ ಹೋಗಿ ಉಳಿದವರ ರಕ್ತ ತೆಗೆದೆ. ಅವಳ ಮಾತಿನಲ್ಲಿ ಒಂದು ಚೂರು ನಿಜ ಇರಬಹುದಾ ಎಂಬ ಹೆದರಿಕೆ ಮಾತ್ರ ಸಂಜೆಯವರೆಗೂ ಬಿಡಲಿಲ್ಲ.

ಸಂಜೆ ತಮ್ಮನಿಗೆ ಎಲ್ಲವನ್ನೂ ಹೇಳಿದೆ. ನೀಲಿ ಕೋಟಿನವಳ ಕತೆ ಕೇಳಿ ಅವನು ಇನ್ನಷ್ಟು ಇಕ್ಕಟ್ಟಿಗೆ ಬಿದ್ದ. ಬೇಡ ಅಂದರೆ ಮಗಳು ಊಟ ಮುಟ್ಟುವುದಿಲ್ಲ, ಹೂಂ ಅಂದರೆ ಮುಂದೆ ಅವಳ ಗತಿ ಏನು? ಕೊನೆಗೆ, “ಆತು ಅಕ್ಕ. ದೇವರ ಹತ್ರ ಕೇಳಿಬಿಡುವ” ಅಂದ.

ನಮ್ಮ ಮನೆಯಲ್ಲಿ ಇದು ಹೊಸದಲ್ಲ. ಬಾವಿ ತೋಡುವ ಮೊದಲು, ಸಂಬಂಧ ಗಟ್ಟಿ ಮಾಡುವ ಮೊದಲು, ತಲೆ ಓಡದಿದ್ದಾಗ, ಹೊನ್ನಾವರದಿಂದ ಗೇರುಸೊಪ್ಪದ ಕಡೆ ಹೋಗುವ ದಾರಿಯಲ್ಲಿ ಹೊಳೆಯ ಹತ್ತಿರ ಇರುವ ಒಂದು ಗುಡಿಗೆ ಹೋಗಿ ಪ್ರಸಾದ ಕೇಳುತ್ತೇವೆ. ಭಟ್ಟರು ಮೂರ್ತಿಯ ಎಡಕ್ಕೂ ಬಲಕ್ಕೂ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ. ನಮ್ಮ ಪ್ರಶ್ನೆಯನ್ನು ದೇವರಿಗೆ ಹೇಳುತ್ತಾರೆ. ಬಲದ ಎಸಳು ಮೊದಲು ಬಿದ್ದರೆ ಆಗಬಹುದು, ಎಡದ್ದು ಬಿದ್ದರೆ ಕೂಡದು. ಬಿದ್ದ ಮೇಲೆ ವಾದ ಇಲ್ಲ, ಮತ್ತೊಮ್ಮೆ ಕೇಳುವ ಹಾಗೂ ಇಲ್ಲ.

ಶುಕ್ರವಾರ ರಜೆ ಹಾಕಿ ನಾನೂ ಹೋದೆ. ತಮ್ಮ ಬಿಳಿ ಪಂಚೆ ಉಟ್ಟಿದ್ದ. ದೇವರ ಹತ್ತಿರ ಕೇಳುವುದೆಂದ ಮೇಲೆ ಮಗಳು ಊಟಕ್ಕೆ ಒಪ್ಪಿದ್ದಳು, ಆದರೆ ನನ್ನ ಮುಖ ನೋಡುತ್ತಿರಲಿಲ್ಲ.

“ಎಂತ ಕೇಳೂದು?” ಎಂದರು ಭಟ್ಟರು.

“ಮಗಳು ಫೊರೆನ್ಸಿಕ್ ಓದೂದು ಅಂತ. ಕಳ್ಸಬಹುದಾ ಬೇಡ್ವಾ ಅಂತ.”

ಭಟ್ಟರಿಗೆ ಆ ಶಬ್ದ ಬಾಯಿಗೆ ಹತ್ತಲಿಲ್ಲ. “ದೊಡ್ಡ ಓದು ಅಂತ ಕೇಳ್ತೆ, ಸಾಕಲ್ಲ?” ಎಂದು, ಗಾಳಿಗೆ ಎಸಳು ಅಲುಗಬಾರದೆಂದು ಫ್ಯಾನು ಆರಿಸಿದರು. ಮಂತ್ರ ಮುಗಿಯಿತು. ಆಮೇಲೆ ಗುಡಿಯಲ್ಲಿ ಸದ್ದೇ ಇಲ್ಲ. ಸೆಕೆಗೆ ಬೆನ್ನು ಒದ್ದೆಯಾಯಿತು. ಎರಡು ಎಸಳೂ ಅಂಟಿಕೊಂಡೇ ಇದ್ದವು.

ನಾನು ದೇವರನ್ನು ನಂಬುವವಳೋ ಅಲ್ಲವೋ ನನಗೇ ಗೊತ್ತಿಲ್ಲ. ಆದರೆ ಆ ಹೊತ್ತಿಗೆ ಕಣ್ಣು ಮಿಟುಕಿಸದೆ ಎಡದ ಎಸಳನ್ನೇ ನೋಡುತ್ತಾ, ಬೀಳು, ನೀನೇ ಬೀಳು ಎಂದು ಬೇಡಿಕೊಂಡೆ. ಯಾಕೆಂದರೆ ಇದೇ ಕಲ್ಲಿನ ನೆಲದ ಮೇಲೆ ಅಪ್ಪ ನನ್ನನ್ನು ನಿಲ್ಲಿಸಿ ಬಯೋಟೆಕ್ನಾಲಜಿಗೆ ಪ್ರಸಾದ ಕೇಳಿದ್ದರು. ಆಗ ಬಲಕ್ಕೆ ಆಗಿತ್ತು. ಅಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದರು. ನಾನು ಬರಿಗೈಯಲ್ಲಿ ಮನೆಗೆ ಬಂದಾಗ ಅವರು ನನ್ನನ್ನು ಬೈಯಲಿಲ್ಲ, ದೇವರನ್ನೂ ಬೈಯಲಿಲ್ಲ. “ಎಲ್ಲ ಸರಿಯೇ ಇತ್ತಲ್ಲ, ಮತ್ತೆ ಎಂತ ಆತು ಈ ಹುಡುಗಿಗೆ?” ಎಂದು ಅಮ್ಮನ ಹತ್ತಿರ ಹೇಳುತ್ತಿದ್ದುದು ಅಡಿಗೆಮನೆಯಿಂದ ನನಗೆ ಕೇಳಿಸಿತ್ತು, ಅಷ್ಟೇ.

ಬಲದ ಎಸಳು ಸ್ವಲ್ಪ ಜಾರಿತು. ನಿಂತಿತು. ಆಮೇಲೆ ಬಿದ್ದೇ ಬಿಟ್ಟಿತು.

“ಬಲಕ್ಕೆ ಆತು. ಕಳ್ಸಿ, ಎಂತದೂ ತೊಂದ್ರೆ ಇಲ್ಲ” ಎಂದರು ಭಟ್ಟರು. ತಮ್ಮ ಅಡ್ಡಬಿದ್ದ. ಏಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ವಾರದಿಂದ ಹೊತ್ತಿದ್ದ ಭಾರವನ್ನು ಅಲ್ಲೇ ಇಳಿಸಿಬಿಟ್ಟಿದ್ದ. ನನಗೆ ದೇವರ ಮೇಲೆ ಕೆಟ್ಟ ಸಿಟ್ಟು ಬಂತು. ಮಗಳು ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ತೀರ್ಥ ಕುಡಿಯುವುದನ್ನೂ ಮರೆತು ನಿಂತಿದ್ದಳು.

ಮಧ್ಯಾಹ್ನದ ಊಟಕ್ಕೆ ಕಾಯ್ಕಿಣಿಗೆ ಬಾ ಎಂದು ತಮ್ಮ ಒತ್ತಾಯ ಮಾಡಿದ. ಅವನ ಹಳೇ ಓಮ್ನಿಯಲ್ಲಿ ಹೊರಟೆವು. ಅವನಿಗೆ ಈಗ ಮಾತೇ ಮಾತು. ಅಲ್ಲಿ ಹಾಸ್ಟೆಲು ಹೇಗಿದೆಯೋ, ನೀರು ಒಗ್ಗುತ್ತದೋ ಇಲ್ಲವೋ, ಸೀಟಿಗೆ ಇವತ್ತೇ ಫೋನು ಮಾಡಿಬಿಡಬೇಕು. “ಇನ್ನು ಹೆದ್ರಿಕೆ ಇಲ್ಲ ಅಕ್ಕ” ಎಂದು ಎರಡೆರಡು ಸಲ ಹೇಳಿದ. ಹಿಂದಿನ ಸೀಟಿನಲ್ಲಿ ನಾನು ಮತ್ತು ಅವಳು. ಹೊನ್ನಾವರ ದಾಟಿ ಶರಾವತಿ ಸೇತುವೆ ಹತ್ತುವಾಗ ಅವಳು ನನ್ನ ಕೈ ಹಿಡಿದಳು.

“ಅತ್ತೆ, ಕಾಲೇಜಿನವರು ಕೆಲಸ ಉಂಟು ಅಂದ್ರು. ದೇವರೂ ಬಲಕ್ಕೆ ಕೊಟ್ಟ. ಇನ್ನು ಸಿಗದಿದ್ರೆ ತಪ್ಪು ನಂದೇ ಅಲ್ದಾ?”

ಎದುರಿನ ಲಾರಿಗೆ ದಾರಿ ಬಿಟ್ಟು ಗಾಡಿ ನಿಧಾನ ಮಾಡಿದ.

“ಅಲ್ಲ” ಅಂದೆ. ಎಷ್ಟು ಜೋರಾಗಿ ಅಂದೆನೆಂದರೆ ನಾನೇ ಬೆಚ್ಚಿಬಿದ್ದೆ. “ಯಾರು ಎಂತ ಹೇಳಿದ್ರೂ ನಿಂದಲ್ಲ. ನಿನ್ನ ಅಪ್ಪನ ಎದುರೇ ಹೇಳ್ತೆ, ಕೇಳ್ಕ. ಇಷ್ಟ ಇದ್ರೆ ಹೋಗಿ ಓದು. ಸಿಗದಿದ್ರೆ ವಾಪಸ್ ಬಾ. ಆದ್ರೆ ತಪ್ಪು ನಿಂದಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. ಬಸ್ ಸ್ಟ್ಯಾಂಡಿನಲ್ಲಿ ಸಿಟ್ಟಿನಿಂದ ನೋಡಿದ ಹಾಗಲ್ಲ.

“ನಿಂಗೆ ಸಿಗದಿದ್ದಾಗ ಯಾರದಾಗಿತ್ತು ಅತ್ತೆ?”

ನಂದು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಇಷ್ಟು ವರ್ಷ ಒಳಗೊಳಗೇ ಹೇಳಿಕೊಂಡು ಅದು ನನಗೆ ನನ್ನ ಊರಿನ ಹೆಸರಿನಷ್ಟು ರೂಢಿಯಾಗಿತ್ತು. ಈಗ ಅದನ್ನು ಹೇಳಿದರೆ ಅವಳಿಗೆ ಆಗಷ್ಟೇ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಕನ್ನಡಿಯಲ್ಲಿ ತಮ್ಮ ನನ್ನನ್ನೇ ನೋಡುತ್ತಿದ್ದ. ಗಾಡಿ ಸೇತುವೆ ಇಳಿಯಿತು.

“ನಂದೂ ಅಲ್ಲ” ಅಂದೆ. ಅನ್ನುತ್ತಿದ್ದ ಹಾಗೇ ಅಳು ಬಂತು.