ತೂಗುಗುಂಡು ಬೇಸ್ ಗಿಟಾರು ಕೊಂಡದ್ದು

ಲಿಫ್ಟು ರಿಪೇರಿ ಮಾಡುವವರಿಗೆ ಒಂದು ಚಟವಿದೆ. ಯಾರ ಮನೆಗೆ ಹೋದರೂ, ಬೀಗರ ಮನೆಗೇ ಹೋದರೂ, ಲಿಫ್ಟಿನೊಳಗೆ ಕಾಲಿಟ್ಟೊಡನೆ ಮಾತು ನಿಲ್ಲಿಸಿ ತಲೆಯೆತ್ತಿ ಅದರ ಸದ್ದನ್ನೇ ಕೇಳುತ್ತಾರೆ. ಜೊತೆಯಲ್ಲಿರುವ ಹೆಂಡತಿ ಮಕ್ಕಳು ಆ ಎರಡು ನಿಮಿಷ ಅವರ ಪಾಲಿಗೆ ಇಲ್ಲವೇ ಇಲ್ಲ. ನಮ್ಮ ಕಥೆಯ ಮೆಕ್ಯಾನಿಕ್ಕಿಗೆ ಇದರ ಮೇಲೆ ಇನ್ನೊಂದು ಚಟವೂ ಇತ್ತು. ದಾರ ಸುತ್ತಿದ ಹಿತ್ತಾಳೆಯ ತೂಗುಗುಂಡೊಂದು ಸದಾ ಅವನ ಎಡಜೇಬಿನಲ್ಲಿರುತ್ತಿತ್ತು. ಗೋಡೆಗೆ ಕ್ಯಾಲೆಂಡರು ನೇತುಹಾಕಬೇಕಾದರೂ ಗುಂಡನ್ನು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಹಾಗಾಗಿ ವರ್ಕ್‌ಶಾಪಿನಲ್ಲಿ ಎಲ್ಲರೂ ಅವನನ್ನು ತೂಗುಗುಂಡು ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು, ಅಂದರೆ ವಾರಕ್ಕೆ ನಾಲ್ಕು ಸಲ.

ಇಂಥವನಿಗೆ ಐವತ್ತು ತುಂಬಿದ ಮೇಲೆ ಬೇಸ್ ಗಿಟಾರು ಕೊಳ್ಳುವ ಹುಚ್ಚು ಹಿಡಿಯಿತು. ಅದಕ್ಕೆ ಕಾರಣ ಹಿರಿಯ ಮೇಸ್ತ್ರಿ.

ಮೇಸ್ತ್ರಿ ನಲವತ್ತು ವರ್ಷ ಮೋಟರು ಕೋಣೆಗಳಲ್ಲೇ ಕಳೆದವರು. ಆ ಗದ್ದಲಕ್ಕೆ ಅವರ ಕಿವಿ ಹೋಗಿತ್ತು. ಅದು ಎಲ್ಲರಿಗೂ ಗೊತ್ತಿತ್ತು, ಆದರೆ ಯಾರಿಗೂ ಗೊತ್ತಿಲ್ಲ ಎಂದು ಮೇಸ್ತ್ರಿ ನಂಬಿದ್ದರು. ಯಾರು ಬಂದು ಏನು ಹೇಳಿದರೂ ಒಂದು ಮುಗುಳ್ನಗು ನಕ್ಕು, "ಆಗ್ಲಿ, ನೋಡೋಣ" ಎನ್ನುತ್ತಿದ್ದರು. ರಜೆ ಬೇಕೆಂದರೂ ಅದೇ ಮಾತು, ಮೋಟರು ಹೊಗೆಯಾಡುತ್ತಿದೆ ಎಂದರೂ ಅದೇ ಮಾತು. ಒಬ್ಬ ಬಂದು ತನ್ನ ಅತ್ತೆ ತೀರಿಕೊಂಡರೆಂದಾಗಲೂ "ಆಗ್ಲಿ, ನೋಡೋಣ" ಎಂದಿದ್ದರು. ಆದರೆ ಅವರ ಮುಂದೆ ಯಾರೂ ನಗುತ್ತಿರಲಿಲ್ಲ. ಅಲ್ಲಿದ್ದ ಅರ್ಧಕ್ಕರ್ಧ ಜನ ಅವರ ಕೈಕೆಳಗೇ ಕೆಲಸ ಕಲಿತವರು. ತೂಗುಗುಂಡಂತೂ ಸ್ಪ್ಯಾನರು ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಅವರಿಂದಲೇ, ಅವರ ಬೈಗುಳದ ಜೊತೆಗೇ ಕಲಿತಿದ್ದ. ಆ ಬೈಗುಳ ನಿಂತು ನಾಲ್ಕೈದು ವರ್ಷವಾಗಿತ್ತು. ಈಗ ಬರೀ ಆ ನಗು.

ಹಿಂದಿನ ತಿಂಗಳು ಯಾರದೋ ಬೀಳ್ಕೊಡುಗೆಯಲ್ಲಿ ವರ್ಕ್‌ಶಾಪಿನ ಬ್ಯಾಂಡು ಮೇಸ್ತ್ರಿಯ ಮೂಗಿನ ಮುಂದೆಯೇ ಬಾರಿಸಿತು. ಮೇಸ್ತ್ರಿ ಅದೇ ನಗು ಹೊತ್ತು ಕುಳಿತಿದ್ದರು. ಉಳಿದವರ ಕೈ ನೋಡಿಕೊಂಡು, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ ಚಪ್ಪಾಳೆ ತಟ್ಟಿದರು. ತೂಗುಗುಂಡು ಅದನ್ನು ಕಂಡ. ಇನ್ನು ಎರಡು ತಿಂಗಳಿಗೆ ಅವರದೇ ಬೀಳ್ಕೊಡುಗೆ. ಅಲ್ಲಿಯೂ ಹೀಗೆಯೇ ಕುಳಿತು ಮನೆಗೆ ಹೋಗಿಬಿಡುತ್ತಾರಲ್ಲ ಎಂದು ಅವನಿಗೆ ಊಟ ಸೇರಲಿಲ್ಲ.

ಆದರೆ ಅವನು ಇನ್ನೊಂದು ವಿಷಯವನ್ನೂ ಗಮನಿಸಿದ್ದ. ಹಿಂಭಾಗದ ಸರಕಿನ ಲಿಫ್ಟು ಹೊರಟರೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದುದು ಮೇಸ್ತ್ರಿಗೆ. ಆ ದಪ್ಪ ಸದ್ದು ಅಂಗಾಲಿನಿಂದಲೋ ಮೂಳೆಯಿಂದಲೋ ಅವರೊಳಗೆ ಹತ್ತುತ್ತಿತ್ತು. ಹಾಗಾದರೆ ದಪ್ಪ ಸ್ವರದ ವಾದ್ಯವೊಂದಿದ್ದರೆ? ಬ್ಯಾಂಡಿನಲ್ಲಿ ಬೇಸ್ ಬಾರಿಸುತ್ತಿದ್ದವನು ವರ್ಗವಾಗಿ ಹೋಗಿ ಆ ಜಾಗ ಖಾಲಿಯಿತ್ತು. ಬ್ಯಾಂಡಿನ ಯಜಮಾನ ಬೇರೆ ಯಾರೂ ಅಲ್ಲ, ತೂಗುಗುಂಡಿನ ಭಾಮೈದ. ಕಂಪನಿಯ ಸ್ಟೋರು ನೋಡಿಕೊಳ್ಳುವವನು, ಡ್ರಮ್ಮು ಬಡಿಯುವವನು. "ಭಾವ, ಒಂದೊಂದು ಹಾಡಿಗೆ ನಾಲ್ಕು ಸ್ವರ ಸಾಕು, ನಾನ್ ಹೇಳ್ಕೊಡ್ತೀನಿ" ಎಂದು ಅವನು ಒಪ್ಪಿಕೊಂಡ. ಆಮೇಲೆ ಅದಕ್ಕಾಗಿ ಬಹಳ ಪಶ್ಚಾತ್ತಾಪ ಪಟ್ಟ.

ಹೆಂಡತಿಯನ್ನು ಒಪ್ಪಿಸುವುದು ಅಷ್ಟು ಸುಲಭವಿರಲಿಲ್ಲ. ಅವಳು ಮನೆಯಲ್ಲೇ ಬಟ್ಟೆ ಆಲ್ಟರ್ ಮಾಡುತ್ತಿದ್ದಳು. ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಎಲ್ಲವನ್ನೂ ಕೇಳಿದಳು.

"ನೀವು ಬಾತ್‌ರೂಮಲ್ಲಿ ಹಾಡಿದ್ರೆ, ಗೀಸರ್ ಕೆಟ್ಟಿದ್ಯಾ ಅಂತ ಪಕ್ಕದ್ಮನೆಯವ್ರು ಬಂದು ಕೇಳಿದ್ರು. ನೆನಪಿದ್ಯಾ?"

"ಇದು ಹಾಡೋದಲ್ಲ ಕಣೇ, ಬಾರ್ಸೋದು. ಮೇಸ್ತ್ರಿಗೆ ಕೇಳ್ಸುತ್ತೆ."

ಹೊಲಿಗೆ ಯಂತ್ರ ನಿಂತಿತು. ಅವನ ಮೊದಲ ಸಂಬಳದ ದಿನ ಮೇಸ್ತ್ರಿ ಮನೆಯವರೆಗೂ ಬಂದು, "ಒಳ್ಳೆ ಹುಡುಗ, ಸ್ವಲ್ಪ ನಿಧಾನ" ಎಂದು ಹೇಳಿ ಹೋಗಿದ್ದು ಅವಳಿಗೂ ನೆನಪಿತ್ತು. "ಬೋನಸ್ಸಲ್ಲಿ ಅರ್ಧ ತಗೊಳ್ಳಿ" ಎಂದಳು. "ಇನ್ನರ್ಧ ಮುಟ್ಟಿದ್ರೆ ನೋಡಿ ಮತ್ತೆ. ಹೊಸ ಫ್ರಿಜ್ಜು ಆಮೇಲೆ, ಹಳೇದರ ಬಾಗಿಲಿಗೆ ಇನ್ನೊಂದು ವರ್ಷ ದಾರ ಕಟ್ಕೊಂಡಿರ್ತೀನಿ."

ವಾದ್ಯದ ಅಂಗಡಿಯವನು ಜುಟ್ಟು ಬಿಟ್ಟ, ಸಮಾಧಾನದ ಮನುಷ್ಯ. ಕೈಯಲ್ಲಿರುವ ಹಣ ಇಷ್ಟು ಎಂದ ಕೂಡಲೇ ಮೂಗು ಮುರಿಯದೆ ಬುದ್ಧಿ ಹೇಳಿದ. "ಸೆಕೆಂಡ್‌ಹ್ಯಾಂಡ್ ಬೇಸ್ ತಗೊಳ್ಳಿ, ತಪ್ಪೇನಿಲ್ಲ. ಕುತ್ತಿಗೆ ನೆಟ್ಟಗಿದ್ರೆ ಸಾಕು. ಮಿಕ್ಕಿದ್ದನ್ನೆಲ್ಲ ಆಂಪ್‌ಗೆ, ಸದ್ದು ದೊಡ್ಡದು ಮಾಡೋ ಡಬ್ಬಕ್ಕೆ, ಹಾಕಿ. ಬೇಸ್ ಅಂದ್ರೆ ಅರ್ಧ ಆಂಪೇ. ಹೆಗಲಪಟ್ಟಿ, ಕೇಬಲ್ಲು ಯಾವ್ದಾದ್ರೂ ನಡಿಯುತ್ತೆ. ಶ್ರುತಿ ನೋಡೋಕೆ ಒಂದು ಟ್ಯೂನರ್ ಮಾತ್ರ ಮರೀಬೇಡಿ."

ಬಂಗಾರದಂಥ ಮಾತು. ತೂಗುಗುಂಡು ಅದರಲ್ಲಿ ಮೊದಲರ್ಧವನ್ನು ಮಾತ್ರ ಕಿವಿಗೆ ಹಾಕಿಕೊಂಡ.

ಮೂಲೆಯಲ್ಲಿ ಧೂಳು ಹಿಡಿದಿದ್ದ ಎಂಟು ಹಳೆಯ ಬೇಸುಗಳನ್ನು ಸಾಲಾಗಿ ನಿಲ್ಲಿಸಿ, ಜೇಬಿನಿಂದ ಗುಂಡು ತೆಗೆದು, ಒಂದೊಂದರ ಕುತ್ತಿಗೆಯ ಪಕ್ಕ ಇಳಿಬಿಟ್ಟು ಒಂದು ಕಣ್ಣು ಮುಚ್ಚಿದ. ಗಿಟಾರು ಕೊಳ್ಳಲು ಬಂದಿದ್ದ ಇಬ್ಬರು ತಮ್ಮ ಗಿಟಾರು ಬಿಟ್ಟು ಇವನನ್ನೇ ನೋಡುತ್ತ ನಿಂತರು. ಏಳನ್ನು ತಳ್ಳಿಹಾಕಿ, ಬಣ್ಣವೆಲ್ಲ ಕಿತ್ತುಹೋದ, ಯಾರಿಗೂ ಬೇಡವಾದ ಒಂದನ್ನು ಎತ್ತಿಕೊಂಡ. ಅಂಗಡಿಯವನು ಕುತ್ತಿಗೆಯ ಮೇಲೆ ಸ್ಕೇಲು ಇಟ್ಟು ನೋಡಿ ಬೆರಗಾದ. ಕೂದಲೆಳೆಯಷ್ಟೂ ಬಾಗಿರಲಿಲ್ಲ.

ಇಲ್ಲಿಗೆ ನಿಂತಿದ್ದರೆ ಅವನು ಜಾಣನೆನಿಸಿಕೊಳ್ಳುತ್ತಿದ್ದ. ಆದರೆ ಮುಂದೆ ಹೆಗಲಪಟ್ಟಿಗಳ ಸಾಲು ಬಂತು.

"ಇದು ಎಷ್ಟು ಭಾರ ತಡಿಯುತ್ತೆ?"

"ಗಿಟಾರ್ ತಡಿಯುತ್ತೆ ಸಾರ್. ನಾಲ್ಕು ಕೇಜಿ."

"ಅಂದ್ರೆ ನಲವತ್ತು ಕೇಜಿ ತಡಿಯೋದು ಬೇಕು."

ಅಂಗಡಿಯವನು ತಮಾಷೆ ಎಂದುಕೊಂಡು ನಕ್ಕ. ತಮಾಷೆಯಾಗಿರಲಿಲ್ಲ. ಲಿಫ್ಟಿನವರ ಲೆಕ್ಕವೇ ಹಾಗೆ, ಹೊರುವ ಭಾರದ ಹತ್ತು ಪಟ್ಟು ಹಗ್ಗ ತಡೆಯಬೇಕು. ಮೋಟರು ಸಣ್ಣದಾದರೆ ಲಿಫ್ಟು ನಿಧಾನ ಹೋಗುತ್ತದೆ, ಅಷ್ಟೇ. ಹಗ್ಗದಲ್ಲಿ ಜಿಪುಣತನ ಮಾಡಿದವನು ಜೈಲಿಗೆ ಹೋಗುತ್ತಾನೆ. ಮೂವತ್ತು ವರ್ಷದಿಂದ ತಲೆಯಲ್ಲಿ ಬೇರೂರಿದ ಈ ಪಾಠವನ್ನು ತೂಗುಗುಂಡು ಆ ಅಂಗಡಿಯಲ್ಲಿ ಅಕ್ಷರಶಃ ಪಾಲಿಸಿದ. ಎರಡು ಪದರದ ಚರ್ಮದ, ಉಕ್ಕಿನ ಬೀಗವಿದ್ದ ಹೆಗಲಪಟ್ಟಿ ಕೊಂಡ. ಅಂಗಡಿಯಲ್ಲಿದ್ದ ಅತಿ ದುಬಾರಿ ತಂತಿಗಳನ್ನು ಕೊಂಡ, ಅವು ಹರಿದರೆ ಇರಲಿ ಎಂದು ಇನ್ನೊಂದು ಜೊತೆಯನ್ನೂ ಕೊಂಡ. ಮೂರು ಮೀಟರು ಕೇಬಲ್ಲು ಸಾಕು ಎಂದರೆ ಕೇಳದೆ ಹೆಬ್ಬೆರಳಿನಷ್ಟು ದಪ್ಪದ್ದನ್ನು ಹತ್ತು ಮೀಟರು ಕೊಂಡ. ಕೊನೆಗೆ ಆಂಪ್ ಕೇಳಿದಾಗ ಉಳಿದಿದ್ದ ಹಣಕ್ಕೆ ಸಿಕ್ಕಿದ್ದು ಒಂದೇ, ಟಿಫಿನ್ ಡಬ್ಬಿಯ ಗಾತ್ರದ್ದು.

"ಸಾರ್, ಇದು ಬೆಡ್‌ರೂಮಲ್ಲಿ ಒಬ್ರೇ ಕೂತು ಬಾರ್ಸೋಕೆ" ಎಂದು ಅಂಗಡಿಯವನು ಕೈಮುಗಿದ. "ಆ ಪಟ್ಟಿ ವಾಪಸ್ ಕೊಡಿ, ದೊಡ್ಡ ಆಂಪ್ ಕೊಡ್ತೀನಿ. ಟ್ಯೂನರೂ ಬರುತ್ತೆ."

"ಪಟ್ಟಿ ಇರ್ಲಿ. ಟ್ಯೂನರ್ ಯಾಕೆ? ನಂಗೆ ಕೈ ಇದೆ."

ಆ ಕೈ ಏನು ಮಾಡಿತೆಂಬುದು ಮೊದಲ ಅಭ್ಯಾಸದ ದಿನ ತಿಳಿಯಿತು. ಹಾಡು ಶುರುವಾದೊಡನೆ ಹಾಡುವವಳು ನಿಲ್ಲಿಸಿದಳು. ಗಿಟಾರಿನವನು ತನ್ನದೇ ತಪ್ಪೆಂದು ತನ್ನ ತಂತಿಗಳ ಬಿರಡೆ ತಿರುಗಿಸತೊಡಗಿದ. ಬೇಸಿನ ಸ್ವರ ಪೂರ್ತಿ ತಪ್ಪಿದ್ದರೆ ಸಹಿಸಬಹುದಿತ್ತು. ಸರಿಯ ಹತ್ತಿರ ಹತ್ತಿರ ಬಂದು ತಪ್ಪುತ್ತಿತ್ತು, ಅದೇ ಪ್ರಾಣ ಹಿಂಡುತ್ತಿತ್ತು.

"ಭಾವ, ಇದನ್ನ ಹೇಗೆ ಟ್ಯೂನ್ ಮಾಡಿದ್ರಿ?"

"ಮೇಸ್ತ್ರಿ ಹೇಳ್ಕೊಟ್ಟ ಹಾಗೆ. ಒಂದೊಂದನ್ನೂ ಹೆಬ್ಬೆಟ್ಟಲ್ಲಿ ಒತ್ತಿ, ನಾಲ್ಕು ತಂತೀನೂ ಸಮ ಮಾಡಿದೆ."

ಭಾಮೈದ ತಲೆ ಚಚ್ಚಿಕೊಂಡ. ಲಿಫ್ಟನ್ನು ಹೊರುವ ಉಕ್ಕಿನ ಹಗ್ಗಗಳೆಲ್ಲ ಒಂದೇ ಬಿಗಿಯಲ್ಲಿರಬೇಕು, ಇಲ್ಲದಿದ್ದರೆ ಭಾರವೆಲ್ಲ ಒಂದರ ಮೇಲೇ ಬೀಳುತ್ತದೆ. ಹೆಬ್ಬೆರಳಿನಿಂದ ಒತ್ತಿ ಆ ಬಿಗಿಯನ್ನು ಅಳೆಯುವುದರಲ್ಲಿ ಮೇಸ್ತ್ರಿಯನ್ನು ಮೀರಿಸಿದವರಿರಲಿಲ್ಲ, ಅವರ ನಂತರ ತೂಗುಗುಂಡೇ. "ಇದು ಲಿಫ್ಟಲ್ಲ ಭಾವ! ನಾಲ್ಕೂ ಬೇರೆ ಬೇರೆ ಸ್ವರ, ಬೇರೆ ಬೇರೆ ಬಿಗಿ!" ಎಂದು ಭಾಮೈದ ತನ್ನ ಫೋನಿನಲ್ಲಿ ಶ್ರುತಿ ನೋಡಿಕೊಂಡು ತಂತಿಗಳನ್ನು ಸರಿ ಮಾಡಿದ. ಅಂದಿನಿಂದ ಪ್ರತಿ ಸಲವೂ ಅವನೇ ಮಾಡುತ್ತಿದ್ದ. ತೂಗುಗುಂಡು ನೋಡುತ್ತಿದ್ದ, ಆದರೆ ಅಸಮವಾದ ನಾಲ್ಕು ಹಗ್ಗಗಳನ್ನು ಕಂಡು ಅವನ ಬೆರಳು ತುರಿಸುತ್ತಿತ್ತು. ಆರು ವಾರದಲ್ಲಿ ಮೂರು ಹಾಡು, ಹನ್ನೆರಡು ಸ್ವರ ಕಲಿತ. ಬೆರಳ ತುದಿ ಬೊಬ್ಬೆ ಬಂದು ಒಡೆದು ಮತ್ತೆ ಬಂತು. ಮನೆಯಲ್ಲಿ ಅವನು ಬಾರಿಸಲು ಕುಳಿತರೆ ಹೆಂಡತಿಯ ಗುಂಡಿಯ ಡಬ್ಬಿಗಳೆಲ್ಲ ನಡುಗುತ್ತಿದ್ದವು. ಅದನ್ನು ಕಂಡು ಅವನು ಹಿಗ್ಗುತ್ತಿದ್ದ, ಮೇಸ್ತ್ರಿಗೂ ಹೀಗೇ ಮುಟ್ಟುತ್ತದೆ ಎಂದು.

ಬೀಳ್ಕೊಡುಗೆ ಮಧ್ಯಾಹ್ನ, ಕ್ಯಾಂಟೀನಿನಲ್ಲಿ. ಮೇಸ್ತ್ರಿಯನ್ನು ಮುಂದಿನ ಸಾಲಿನ ನಡುವೆ ಕೂರಿಸಿದ್ದರು. ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಆ ದಿನವೂ ಅವರ ಉದ್ದನೆಯ ಸ್ಕ್ರೂಡ್ರೈವರು ಇತ್ತು. ಭಾಷಣಗಳಾದವು. ಮೇಸ್ತ್ರಿ ನಗುತ್ತಿದ್ದರು. ಮ್ಯಾನೇಜರು "ನೀವಿಲ್ಲದೆ ನಾವು ಹೇಗೆ ನಡೆಸೋದು ಸಾರ್?" ಎಂದು ಕಣ್ಣೊರೆಸಿಕೊಂಡಾಗ, ಮೇಸ್ತ್ರಿ "ಆಗ್ಲಿ, ನೋಡೋಣ" ಎಂದರು.

ಬ್ಯಾಂಡು ಶುರುವಾಯಿತು. ಭಾಮೈದ ಡ್ರಮ್ಮು ಬಡಿದದ್ದೇ ತಡ, ಟಿಫಿನ್ ಡಬ್ಬಿಯಂಥ ಆಂಪ್ ಸತ್ತಂತಾಯಿತು. ತೂಗುಗುಂಡು ಅದರ ವಾಲ್ಯೂಮ್ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಅವನ ದಪ್ಪ ಸ್ವರ ಅವನಿಗೇ ಕೇಳಲಿಲ್ಲ. ಮೇಸ್ತ್ರಿಯ ಕಾಲ ಕೆಳಗಿದ್ದದ್ದು ಸಿಮೆಂಟು ನೆಲ, ಅದಕ್ಕೆ ಏನೂ ಮುಟ್ಟಲಿಲ್ಲ. ಅವರು ಪಕ್ಕದವರ ಕೈಗಳನ್ನು ಕದ್ದು ನೋಡುತ್ತಿದ್ದರು. ಹಾಡು ಮುಗಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಒಂದು ಕ್ಷಣ ತಡವಾಗಿ ಮೇಸ್ತ್ರಿಯೂ ತಟ್ಟಿದರು. ಜುಟ್ಟಿನವನ ಮಾತು ಕೇಳದೆ ಎಲ್ಲ ಹಾಳುಮಾಡಿಕೊಂಡೆನಲ್ಲ, ಫ್ರಿಜ್ಜೂ ಹೋಯಿತು, ಮೇಸ್ತ್ರಿಯೂ ಹೋದರು ಎಂದು ತೂಗುಗುಂಡಿಗೆ ದುಃಖ ಒತ್ತಿಬಂತು.

ಎರಡನೆಯ ಹಾಡಿನ ನಡುವೆ ಅವನ ಕಣ್ಣು ಆ ಸ್ಕ್ರೂಡ್ರೈವರಿನ ಮೇಲೆ ಬಿತ್ತು. ಮೋಟರಿನ ಬೇರಿಂಗು ಕೆಟ್ಟಿದೆಯೋ ಇಲ್ಲವೋ ಎಂದು ನೋಡಲು ಮೇಸ್ತ್ರಿ ಅದರ ತುದಿಯನ್ನು ಮೋಟರಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕೇಳುತ್ತಿದ್ದರು. ತೂಗುಗುಂಡು ಬಾರಿಸುತ್ತಲೇ ವೇದಿಕೆ ಇಳಿದ. "ಭಾವ, ಎಲ್ಲಿಗೆ?" ಎಂದು ಭಾಮೈದ ಹಿಂದಿನಿಂದ ಕಿರುಚಿದ. ಮೂರು ಮೀಟರಿನ ಕೇಬಲ್ಲಾಗಿದ್ದರೆ ಮೆಟ್ಟಿಲಲ್ಲೇ ಎಳೆದು ನಿಲ್ಲಿಸುತ್ತಿತ್ತು. ಹತ್ತು ಮೀಟರಿನದು ಅವನ ಹಿಂದೆ ಹರಿದು ಬಂತು. ಮೇಸ್ತ್ರಿಯ ಮುಂದೆ ನಿಂತು, ಎಡಗೈಯಿಂದ ಅವರ ಜೇಬಿನ ಸ್ಕ್ರೂಡ್ರೈವರು ತೋರಿಸಿ, ಆಮೇಲೆ ಬೇಸಿನ ಹೊಟ್ಟೆ ತೋರಿಸಿದ.

ಮೇಸ್ತ್ರಿ ಒಂದು ಕ್ಷಣ ಅವನ ಮುಖ ನೋಡಿದರು. ತಮ್ಮ ಗುಟ್ಟು ಇವನಿಗೆ ಗೊತ್ತು ಎಂಬುದು ಅವರಿಗೆ ಆಗ ಗೊತ್ತಾಯಿತು. ನಗು ಮಾಯವಾಯಿತು. ಅವರು ಎದ್ದು, ಆಯ ತಪ್ಪಿ, ಅವನ ಹೆಗಲಪಟ್ಟಿಗೆ ಜೋತುಬಿದ್ದರು. ನಲವತ್ತು ಕೇಜಿಯ ಪಟ್ಟಿ ಅಲುಗಲಿಲ್ಲ. ಒಂದು ಕೈಯಿಂದ ಪಟ್ಟಿ ಹಿಡಿದುಕೊಂಡೇ ಸ್ಕ್ರೂಡ್ರೈವರನ್ನು ಬೇಸಿನ ಮರಕ್ಕೆ ಊರಿ, ಹಿಡಿಯನ್ನು ಕಿವಿಯ ಹಿಂದೆ ಒತ್ತಿ, ಕಣ್ಣು ಮುಚ್ಚಿದರು.

ತೂಗುಗುಂಡು ಬಾರಿಸಿದ. ಭಾಮೈದ ಬಡಿಯುವುದನ್ನು ನಿಲ್ಲಿಸಿದ, ಉಳಿದವರೂ ನಿಲ್ಲಿಸಿದರು. ಕ್ಯಾಂಟೀನಿನಲ್ಲಿ ಡಬ್ಬಿಯ ಸಣ್ಣ ಗುಂಯ್‌ಗುಟ್ಟುವಿಕೆ ಮಾತ್ರ ಉಳಿಯಿತು. ಮೇಸ್ತ್ರಿಯ ಹುಬ್ಬು ಮೇಲೇರಿತು. ಬಾಯಿ ಸ್ವಲ್ಪ ತೆರೆಯಿತು. ಆಮೇಲೆ ಮುಖ ಗಂಟಿಕ್ಕಿತು. ಪಟ್ಟಿ ಬಿಟ್ಟು ಹೆಬ್ಬೆರಳಿನಿಂದ ತಂತಿಗಳನ್ನು ಒಂದೊಂದಾಗಿ ಒತ್ತಿದರು.

"ಕತ್ತೆ!" ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಗುಡುಗಿದರು. "ನಾಲ್ಕೂ ನಾಲ್ಕು ಥರ ಇದೆಯಲ್ಲೋ! ಇದನ್ನೇನೋ ನಾನು ನಿಂಗೆ ಕಲ್ಸಿದ್ದು?"

"ಅಯ್ಯೋ ಸಾರ್, ಅದು ಹಾಗೇ ಇರ್ಬೇಕು..." ಎಂದು ಭಾಮೈದ ಓಡಿಬಂದ. ತೂಗುಗುಂಡು ಅವನನ್ನು ಮೊಣಕೈಯಿಂದ ತಡೆದ. ನಾಲ್ಕೈದು ವರ್ಷದ ಮೇಲೆ ಸಿಕ್ಕ ಬೈಗುಳ ಅದು. ಅವನಿಗೆ ಕಣ್ಣು ಮಂಜಾಗಿತ್ತು.

"ತಪ್ಪಾಯ್ತು ಮೇಸ್ತ್ರಿ" ಎಂದ, ತುಟಿ ಕಾಣುವಂತೆ ನಿಧಾನವಾಗಿ. ಬಿರಡೆ ತಿರುಗಿಸಿದ, ಹೆಬ್ಬೆರಳಿನಿಂದ ಒತ್ತಿ ನೋಡಿದ, ಮತ್ತೆ ತಿರುಗಿಸಿದ. ಆರು ವಾರ ಭಾಮೈದ ಕಾಪಾಡಿಕೊಂಡು ಬಂದಿದ್ದ ಶ್ರುತಿ ಎಲ್ಲರ ಕಣ್ಣೆದುರೇ ಹೋಯಿತು. ಮೇಸ್ತ್ರಿ ಅವನ ಹಿಂದೆಯೇ ಒಂದೊಂದು ತಂತಿಯನ್ನೂ ಒತ್ತಿ ಪರೀಕ್ಷಿಸಿದರು, ಮೂರನೆಯದನ್ನು ಕಾಲು ಸುತ್ತು ಬಿಗಿ ಮಾಡಿಸಿದರು.

"ಹಾಂ, ಈಗ ಬಾರ್ಸು."

ಅವನು ಬಾರಿಸಿದ. ಹಾಡುವವಳು ಕಿವಿ ಮುಚ್ಚಿಕೊಂಡಳು. ಹಿಂದಿನ ಸಾಲಿನಲ್ಲಿ ಅವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಿದ್ದಳು, ಅಳುತ್ತಲೂ ಇದ್ದಳು. ಮೇಸ್ತ್ರಿ ಸ್ಕ್ರೂಡ್ರೈವರು ಒತ್ತಿ, ಕಣ್ಣು ಮುಚ್ಚಿ, ಕಾಲಿನಿಂದ ತಾಳ ಹಾಕತೊಡಗಿದರು. ತೂಗುಗುಂಡು ತನಗೆ ಬರುತ್ತಿದ್ದ ಹನ್ನೆರಡು ಸ್ವರಗಳನ್ನೂ ಮುಗಿಸಿ ಕೈ ನಿಲ್ಲಿಸಿದ. ಚಪ್ಪಾಳೆ ಬಂತು. ಈ ಸಲ ಎಲ್ಲರಿಗಿಂತ ಮೊದಲು ತಟ್ಟಿದವರು ಮೇಸ್ತ್ರಿ.

"ನಿಲ್ಸಿದ್ಯಾಕೋ?" ಎಂದರು ಅವರು. "ಇನ್ನೊಂದ್ಸಲ."