ಉಪ್ಪು ಕಡಿಮೆ ಮಾಡಿ ಅಂದರು

ಕಳೆದ ಭಾನುವಾರ ಅಂಕೋಲೆಯ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗಿಸಿಕೊಳ್ಳುತ್ತ ನಿಂತಿದ್ದೆ. ಎದುರಿನ ಕಪಾಟಿನಲ್ಲಿ ಒಂದು ಉಪ್ಪಿನ ಪ್ಯಾಕೆಟ್ಟು ಕಂಡಿತು, ಮೇಲೆ ಕೆಂಪು ಹೃದಯದ ಚಿತ್ರ. ನೋಡಿದ್ದೇ ಮೈಯೆಲ್ಲ ಉರಿದುಹೋಯಿತು. ಉಪ್ಪಿನ ಮೇಲೆ ಸಿಟ್ಟಾಗುವ ಈ ಮನುಷ್ಯ ಎಂಥವನಪ್ಪಾ ಎಂದು ನೀವು ನಗಬಹುದು. ನಗಿ, ನನ್ನ ಹೆಂಡತಿಯೂ ನಗುತ್ತಾಳೆ.

"ಬಿಪಿಗೆ ಚಲೋದು, ಸೋಡಿಯಂ ಕಮ್ಮಿ ಅದೆ. ಒಂದು ಹಾಕ್ಲಾ?" ಎಂದ ಅಂಗಡಿಯವ.

"ಕಮ್ಮಿ ಆದದ್ದರ ಜಾಗಕ್ಕೆ ಎಂತಾ ಹಾಕಿದಾರೆ, ಗೊತ್ತದ್ಯಾ?" ಎಂದೆ. ಅವನು ಬೆಲ್ಲದ ಪೊಟ್ಟಣ ನನ್ನ ಕೈಗಿಟ್ಟು ಮುಂದಿನ ಗಿರಾಕಿಯತ್ತ ತಿರುಗಿದ.

ಹಾಕಿರುವುದು ಪೊಟ್ಯಾಸಿಯಂ. ನನಗೂ ಇದು ಗೊತ್ತಿರಲಿಲ್ಲ, ಭಾವನಿಂದಾಗಿ ಗೊತ್ತಾಯಿತು. ಭಾವ ಎಂದರೆ ನನ್ನ ಅಕ್ಕನ ಗಂಡ, ಮೂಲತಃ ಚೆಂಡಿಯಾದವರು. ನೌಕಾನೆಲೆಗೆ ಜಮೀನು ಹೋದಾಗ ಮನೆಮಂದಿ ಪಾತ್ರೆ ಪಗಡೆ ಕಟ್ಟುತ್ತಿದ್ದರೆ ಇವರು ತೋಟಕ್ಕೆ ಹೋಗಿ ಎರಡು ತೆಂಗಿನ ಸಸಿಗಳನ್ನು ಬೇರುಸಹಿತ ಎಬ್ಬಿಸಿ ಗೋಣಿಯಲ್ಲಿ ಸುತ್ತಿ ತಂದರಂತೆ. ತೋಡೂರಿನ ಹೊಸ ಜಾಗದಲ್ಲಿ ಒಂದು ಸತ್ತಿತು, ಒಂದು ಬದುಕಿತು. ಬದುಕಿದ್ದು ಈಗ ಮನೆಯ ಮಾಡಿಗಿಂತ ಎಷ್ಟೋ ಎತ್ತರ. ಅದರ ಎಳನೀರೆಂದರೆ ಭಾವನಿಗೆ ಪ್ರಾಣ. ಚಹಾ ಬಿಟ್ಟಾರು, ಅದನ್ನು ಬಿಡಲಾರರು.

ಬಿಪಿಯಿಂದ ಅವರ ಕಿಡ್ನಿ ಕೆಟ್ಟಿತು. ಡಾಕ್ಟರು "ಉಪ್ಪು ಕಡಿಮೆ ಮಾಡಿ" ಅಂದರು. ಅಷ್ಟೇ ಅಂದರು, ಹೊರಗೆ ಸಾಲು ಉದ್ದವಿತ್ತು. ಅಕ್ಕ ಡಾಕ್ಟರ ಮಾತು ಮೀರುವವಳಲ್ಲ. ಯಾರೋ ಸೂಚಿಸಿದರೆಂದು ಈ ಹೃದಯದ ಉಪ್ಪು ತಂದಳು. ಬಂಗಡೆ ಸಾರು ಮೊದಲಿನಂತೆಯೇ ರುಚಿಯಾಗಿ, ಭಾವ ಇನ್ನೆರಡು ತುತ್ತು ಹೆಚ್ಚೇ ಉಂಡರು.

ಇನ್ನು ನಮ್ಮ ನೆಂಟರು. ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ನಮ್ಮ ಕಡೆ ಎಳನೀರು ವಾಸಿಮಾಡದ ರೋಗವಿಲ್ಲ. ಜ್ವರಕ್ಕೂ ಅದೇ, ಉಷ್ಣಕ್ಕೂ ಅದೇ, ಮಗಳು ಗಣಿತದಲ್ಲಿ ಫೇಲಾದರೂ ಅದೇ. ನಮ್ಮೂರು ಬೊಬ್ರುವಾಡದಿಂದ ನಾವೆಲ್ಲ ಬೈಕಿನ ಹಿಂದೆ ಎಳನೀರಿನ ಗೊನೆ ಕಟ್ಟಿಕೊಂಡು ಹೋದೆವು. ಬೇಡವೆಂದರೆ ಬಂದವರಿಗೆ ಬೇಸರವೆಂದು ಭಾವ ಯಾರದ್ದನ್ನೂ ಬಿಡದೆ ಕುಡಿದರು.

ಒಂದು ಬೆಳಿಗ್ಗೆ ಏಳಲು ಹೋದವರ ಕಾಲಿನಲ್ಲಿ ಬಲವೇ ಇರಲಿಲ್ಲ. ಎದೆ ಒಮ್ಮೆ ಬಡಿದು ಒಮ್ಮೆ ನಿಂತಂತಾಗುತ್ತಿತ್ತು. ಕಾರವಾರದ ಆಸ್ಪತ್ರೆಗೆ ಒಯ್ದೆವು. ಅಲ್ಲಿದ್ದ ಬೇರೊಬ್ಬ ಎಳೆಯ ಡಾಕ್ಟರು ರಕ್ತದ ರಿಪೋರ್ಟು ನೋಡಿ, ಊಟದಲ್ಲಿ ಏನೇನಿತ್ತೆಂದು ಕೇಳಿ ತಿಳಿದು, ಸೂಜಿ ಚುಚ್ಚಿಸಿ, ಭಾವನ ಎದೆಬಡಿತ ಹದಕ್ಕೆ ಬಂದ ಮೇಲೆ ಅಕ್ಕನತ್ತ ತಿರುಗಿದರು. "ಈ ಉಪ್ಪು, ಮೇಲಿಂದ ಎಳನೀರು! ಇವರನ್ನ ಉಳಿಸ್ಕೊಳ್ಳೋ ಮನಸ್ಸಿದೆಯೋ ಇಲ್ವೋ?"

ಅಕ್ಕ ದನಿ ಏರಿಸಲಿಲ್ಲ. "ಉಪ್ಪು ಕಮ್ಮಿ ಮಾಡಿ ಅಂದ್ರು, ಮಾಡ್ದೆ. ಮತ್ತೆಂತಾ ಹೇಳಿದ್ರು ನಮಗೆ?"

ಡಾಕ್ಟರು ಕುರ್ಚಿ ಎಳೆದು ಅಕ್ಕನೆದುರು ಕೂತರು. ಆಮೇಲೆ ಚೀಟಿಯ ಹಿಂಬದಿಯಲ್ಲಿ ಚಿತ್ರ ಬಿಡಿಸಿ ಹೇಳಿದರು. ಕಿಡ್ನಿಯ ಜೀವಕೋಶಗಳ ಗೋಡೆಯಲ್ಲಿ ಪೊಟ್ಯಾಸಿಯಂಗೆಂದೇ ಪುಟ್ಟ ಪುಟ್ಟ ಬಾಗಿಲುಗಳಿವೆ. ರಕ್ತದಲ್ಲಿ ಅದು ಹೆಚ್ಚಾದರೆ ಆ ಬಾಗಿಲುಗಳಿಂದ ಮೂತ್ರಕ್ಕೆ ಇಳಿದುಹೋಗುತ್ತದೆ, ಉಪ್ಪನ್ನೂ ಕಿಡ್ನಿ ಸಡಿಲ ಬಿಡುತ್ತದೆ. ಪೊಟ್ಯಾಸಿಯಂ ಕಡಿಮೆಯಾದರೆ ಬೇರೆ ಕೆಲವು ಬಾಗಿಲುಗಳು ಅದರ ಸುಳಿವು ಹಿಡಿಯುತ್ತವೆ, ಆಗ ಕಿಡ್ನಿ ಉಪ್ಪನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬಿಪಿ ಏರುತ್ತದೆ. ಕಿಡ್ನಿ ಗಟ್ಟಿಯಿದ್ದವರಿಗೆ ಎಳನೀರು ಒಳ್ಳೆಯದೇ. ಕಿಡ್ನಿ ಸೋತವರಿಗೆ ಈ ಬಾಗಿಲುಗಳೇ ಸಾಲುವುದಿಲ್ಲ. ಪೊಟ್ಯಾಸಿಯಂ ರಕ್ತದಲ್ಲೇ ತುಂಬಿ ಹೃದಯವನ್ನು ನಿಲ್ಲಿಸುತ್ತದೆ.

ನಮಗೆ ಇದೇನು ತಿಳಿಯದ ವಿಷಯವೇ? ಹೊಳೆಯ ಉಪ್ಪುನೀರಿನ ಪಕ್ಕ ಗಜನಿ ಗದ್ದೆ ಮಾಡಿದವರು ನಾವು. ಗದ್ದೆಯ ಒಡ್ಡಿನ ಹಲಗೆ ಬಾಗಿಲನ್ನು ಸಮುದ್ರದ ಇಳಿತದ ಹೊತ್ತಿಗೆ ತೆರೆಯದಿದ್ದರೆ ಒಳಗಿನ ನೀರು ಹೋಗದೆ ಬೆಳೆ ಕೊಳೆಯುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ಚೀಟಿಯ ಹಿಂಬದಿಯಲ್ಲಿ ಹಿಡಿಸುವ ಈ ಮಾತನ್ನು ಭಾವನ ಹೃದಯ ನಿಲ್ಲುವ ಹಂತಕ್ಕೆ ಬರುವ ಮೊದಲೇ ಯಾರಾದರೂ ಹೇಳಬಾರದಿತ್ತೇ? ಅಕ್ಕನ ಮನೆಗೆ ಬಂದು ಆ ಪ್ಯಾಕೆಟ್ಟನ್ನು ಕನ್ನಡಕ ಹಾಕಿ ನೋಡಿದೆ. ಕಿಡ್ನಿ ತೊಂದರೆಯಿದ್ದವರು ಡಾಕ್ಟರನ್ನು ಕೇಳಿ ಎಂದು ಬರೆದಿತ್ತು, ಹಿಂಬದಿಯ ಮೂಲೆಯಲ್ಲಿ, ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ. ಹೃದಯದ ಚಿತ್ರ ಮಾತ್ರ ಅಂಗೈಯಷ್ಟು. ಕನ್ನಡವನ್ನೂ ತಡವರಿಸಿ ಓದುವ ನನ್ನ ಅಕ್ಕ ಅದನ್ನು ಓದಬೇಕಿತ್ತಂತೆ.

ಇದನ್ನೆಲ್ಲ ನೆನೆದು ಕುದಿಯುತ್ತ ಆ ಭಾನುವಾರ ಬೆಲ್ಲದ ಪೊಟ್ಟಣವನ್ನು ಅಂಗಡಿಯಲ್ಲೇ ಇಟ್ಟು, ಈ ಸಲ ಬರಿಗೈಯಲ್ಲೇ ತೋಡೂರಿನ ಬಸ್ಸು ಹತ್ತಿದೆ. ಭಾವ ಜಗಲಿಯಲ್ಲಿ ಕೂತಿದ್ದರು, ಬಹಳ ಇಳಿದಿದ್ದಾರೆ. ಮೊದಲು ನನ್ನ ಕೈ ನೋಡಿದರು.

"ಎಂತಾ ತಂದ್ಯೋ ತಮಾ?"

"ಎಂತದೂ ಇಲ್ಲ ಭಾವ."

"ಚಲೋದಾಯ್ತು, ಕೂತ್ಕೋ."

ಒಳಗಿನಿಂದ ಅಕ್ಕ ಒಂದು ಎಳನೀರು ಕೆತ್ತಿ ತಂದಳು. ಮನೆಗೆ ಬಂದವರಿಗೆಲ್ಲ ತಮ್ಮ ಮರದ್ದನ್ನು ಕೊಡಿಸಿ, ಕುಡಿಯುವುದನ್ನು ನೋಡುತ್ತ ಕೂರುವುದು ಭಾವನ ಈಗಿನ ಅಭ್ಯಾಸ. ನಾನು ಬೇಡವೆಂದೆ. ಅವರು ಬಿಡಲಿಲ್ಲ. ಒಂದು ಗುಟುಕು ಕುಡಿದೆ.

"ಹ್ಯಾಂಗದೆ?"

"ಸಪ್ಪೆ ಅದೆ ಭಾವ. ಮೊದಲಿನ ರುಚಿ ಇಲ್ಲ."

"ಸುಳ್ಳು ಹೇಳ್ಬೇಡ ತಮಾ," ಎಂದರು ಭಾವ, ಮರದ ಕಡೆ ನೋಡುತ್ತ. "ಅದು ಚೆಂಡಿಯಾದ್ದು."

ನಾನು ಕೊನೆಯ ಹನಿಯವರೆಗೂ ಕುಡಿದೆ. ಸಿಟ್ಟು ಮಾತ್ರ ಇಳಿಯಲಿಲ್ಲ.