ಏಳು ಎಣಿಸಲು ಬಾರದ ಕಂಪ್ಯೂಟರ್

ಗುಂಡ್ಲುಪೇಟೆಯಲ್ಲಿ ರೆಕಾರ್ಡಿಂಗ್ ಸ್ಟುಡಿಯೊ ತೆರೆದ ಮೇಲೆ ಅದು ನನ್ನ ಮೊದಲ ಸಿ.ಡಿ.; ಕೆಟ್ಟರೆ ಎರಡನೆಯದು ಬರುತ್ತಿರಲಿಲ್ಲ. ಹಾಡಿಗೆ ತಾನೇ ತಬಲಾ ನುಡಿಸುವ ಸಾಫ್ಟ್‌ವೇರ್ ನನ್ನಲ್ಲಿತ್ತು. ಆದರೆ ಅದಕ್ಕೆ ಗೊತ್ತಿದ್ದುದು ಮೂರು ಮತ್ತು ನಾಲ್ಕು ಎಣಿಕೆಯ ತಾಳ ಮಾತ್ರ. ಉಮ್ಮತ್ತೂರಿನಿಂದ ಬಂದಿದ್ದ ಪುಟ್ಟಮ್ಮನವರ ಸೋಬಾನೆ ಹಾಡು ಏಳರದು, ಅಂದರೆ ಏಳು ಎಣಿಸಿದರೆ ತಾಳ ಒಂದು ಸುತ್ತು ಮುಗಿಯುವಂಥದ್ದು. ನಾಲ್ಕರ ತಾಳ ಹಾಕಿದರೆ ಎರಡನೇ ಸಾಲಿಗೇ ಹಾಡು ಒಂದು ಕಡೆ, ತಬಲಾ ಒಂದು ಕಡೆ.

"ಏಳನ್ನ ಎಂಟಕ್ಕೆ ಎಳೆದು ಹಾಡ್ತೀರಾ, ಅಮ್ಮ?" ಎಂದು ಕೇಳಿಬಿಟ್ಟೆ.

"ನಾನ್ಯಾಕಪ್ಪ ಎಳೀಲಿ? ನಿನ್ ಮಿಷಿನ್‌ಗೆ ಎಷ್ಟು ಬತ್ತದೆ?"

"ಮೂರು, ನಾಲ್ಕು."

"ಎರಡೂ ಸೇರುದ್ರೆ ಎಷ್ಟಪ್ಪ?"

ಒಂದು ಸಲ ಮೂರು, ಮರುಸಲ ನಾಲ್ಕು ಎಂದು ಹಾಡಿನುದ್ದಕ್ಕೂ ಬದಲಿಸಿದೆ. ಪುಟ್ಟಮ್ಮ ಹಾಡುತ್ತ ತಟ್ಟುತ್ತಿದ್ದ ಚಪ್ಪಾಳೆಯ ಮೇಲೇ ತಬಲಾ ಸರಿಯಾಗಿ ಬಿತ್ತು. ಹಾಡು ಒಂದೇ ಸಲಕ್ಕೆ ರೆಕಾರ್ಡ್ ಆಯಿತು.

ಈ ಉಪಾಯ ನನ್ನದೇ ಎಂದು ಚಾಮರಾಜನಗರದ ಸ್ಟುಡಿಯೊದವರಿಗೆಲ್ಲ ಹೇಳಿಕೊಂಡಿದ್ದೇನೆ. ಅವರು ಇದನ್ನು ಓದದಿರಲಿ.